ದನಿ ಆಮೇಲೆ, ಮೊದಲು ಓದು

ಬರೆದದ್ದನ್ನು ಕಂಪ್ಯೂಟರ್‌ನಿಂದ ಓದಿಸುವುದು ನನ್ನ ಕೆಲಸ, ಅದೂ ಹಲವು ಭಾಷೆಗಳಲ್ಲಿ. ಟೆಕ್ಸ್ಟ್ ಟು ಸ್ಪೀಚ್ ಅಂತಾರಲ್ಲ, ಅದೇ. ನಮ್ಮೊಳಗೆ ಟಿಟಿಎಸ್ ಅಂದರೆ ಸಾಕು. ಹೊಸಬರಿಗೆ ಇದನ್ನು ಹೇಳಿದರೆ ಎರಡು ಪ್ರಶ್ನೆ ಖಂಡಿತ ಬರುತ್ತವೆ. ಅದು ಯಾರ ದನಿ? ಮತ್ತೆ, ಅಷ್ಟೊಂದು ಭಾಷೆ ನಿಮಗೆ ಬರುತ್ತದಾ? ಎರಡನೆಯದಕ್ಕೆ ಉತ್ತರ ಸುಲಭ, ಬರುವುದಿಲ್ಲ. ಮೊದಲನೆಯದಕ್ಕೆ ಆಮೇಲೆ ಬರುತ್ತೇನೆ. ನನಗೆ ಸೋಜಿಗ ಅನ್ನಿಸುವುದು ಯಾರೂ ಕೇಳದ ಮೂರನೇ ಪ್ರಶ್ನೆ. ಅದಕ್ಕೆ ಓದೋದು ಗೊತ್ತಾಗುವುದು ಹೇಗೆ?

ಯಾರೂ ಕೇಳಲ್ಲ, ಯಾಕೆಂದರೆ ಓದುವುದು ನಮಗೆ ಒಂದು ಕೆಲಸ ಅಂತಲೇ ಅನ್ನಿಸುವುದಿಲ್ಲ. ಕಣ್ಣು ಬಿದ್ದರೆ ಆಯಿತು, ಬಾಯಿ ತಾನಾಗಿ ಹೇಳುತ್ತದೆ. ಆದರೆ ಬರಹದಲ್ಲಿ ಇರುವುದು ಮಾತಿನ ಅರ್ಧ ಮಾತ್ರ. ಉಳಿದ ಅರ್ಧವನ್ನು ಓದುವವರು ತಮ್ಮ ಕಡೆಯಿಂದ ತುಂಬಿಕೊಳ್ಳುತ್ತಾರೆ. ಆ ಅರ್ಧವನ್ನು ಕಂಪ್ಯೂಟರ್‌ಗೆ ತುಂಬಿಸಿಕೊಡುವುದರಲ್ಲೇ ನನ್ನ ವೃತ್ತಿಯ ಬಹುಪಾಲು ಕಳೆದಿದೆ. ಅದೂ ಒಂದೊಂದು ಭಾಷೆಗೂ ಬೇರೆ ಬೇರೆಯಾಗಿ.

ದನಿಯ ಕಥೆ ಮೊದಲು ಮುಗಿಸಿಬಿಡೋಣ, ಅದು ಹೇಳಲು ಚೆನ್ನಾಗಿದೆ. ಮಾತಾಡುವ ಯಂತ್ರದ ಹುಚ್ಚು ಹಳೆಯದು. ವೋಲ್ಫ್‌ಗಾಂಗ್ ಫಾನ್ ಕೆಂಪೆಲೆನ್ ಎಂಬಾತ ತಿದಿ ಒತ್ತಿ ಮಾತು ಹೊರಡಿಸುವ ಯಂತ್ರ ಮಾಡಿ 1791ರಲ್ಲಿ ಅದರ ಬಗ್ಗೆ ಪುಸ್ತಕವನ್ನೂ ಬರೆದ. ಚೆಸ್ ಆಡುವ ಯಂತ್ರ ಅಂತ ಹೇಳಿ ಒಳಗೆ ಮನುಷ್ಯನನ್ನು ಅಡಗಿಸಿ ಕೂರಿಸಿದವನೂ ಇವನೇ. ಮಾತಿನ ಯಂತ್ರದೊಳಗೆ ಮಾತ್ರ ಯಾರೂ ಇರಲಿಲ್ಲ. ಆಮೇಲೆ 1939ರ ನ್ಯೂಯಾರ್ಕ್ ವಿಶ್ವ ಮೇಳದಲ್ಲಿ ಬೆಲ್ ಲ್ಯಾಬ್ಸ್‌ನ ಹೋಮರ್ ಡಡ್ಲಿ ಮಾಡಿದ ವೋಡರ್ ಎಂಬ ಮಾತಿನ ಯಂತ್ರ ಬಂತು. ಅದರ ಮುಂದೆ ಒಬ್ಬ ಯುವತಿ ಕೂತು ಬೆರಳಿನಿಂದ ಕೀಲಿ ಒತ್ತುತ್ತಾ, ಕಾಲಲ್ಲಿ ಪೆಡಲ್ ತುಳಿಯುತ್ತಾ, ಪ್ರೇಕ್ಷಕರು ಕೇಳಿದ ವಾಕ್ಯವನ್ನು ಯಂತ್ರದಿಂದ ಆಡಿಸುತ್ತಿದ್ದಳು. ಅದನ್ನು ನುಡಿಸಲು ಕಲಿಯುವುದಕ್ಕೇ ಸುಮಾರು ಒಂದು ವರ್ಷ ಹಿಡಿಯುತ್ತಿತ್ತಂತೆ. ನನಗೆ ವೋಡರ್ ಇಷ್ಟವಾಗುವುದು ಇದಕ್ಕೇ. ದನಿ ಯಂತ್ರದ್ದು, ಓದು ಆ ಹೆಣ್ಣುಮಗಳದ್ದು. ಯಾವ ಭಾಗ ಕಷ್ಟದ್ದು ಅನ್ನುವುದು ಅವತ್ತೇ ಎಲ್ಲರ ಕಣ್ಣ ಮುಂದೆ ಇತ್ತು, ಆದರೆ ಜನ ನೋಡಿದ್ದು ಯಂತ್ರವನ್ನು.

ದನಿ, ಓದು ಎರಡನ್ನೂ ಒಟ್ಟಿಗೆ ಮಾಡಿದವರಲ್ಲಿ ನಾನು ಮತ್ತೆ ಮತ್ತೆ ನೆನೆಯುವುದು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಡೆನಿಸ್ ಕ್ಲಾಟ್ ಅವರನ್ನು. ನಾವು ಮಾತಾಡುವಾಗ ಗಂಟಲು, ಬಾಯಿಯ ಪೊಳ್ಳು ಕೆಲವು ಕಂಪನಗಳನ್ನು ಎತ್ತಿ ತೋರಿಸುತ್ತದೆ. ಅವಕ್ಕೆ ಫಾರ್ಮೆಂಟ್ ಅಂತ ಹೆಸರು. ‘ಆ’ಗೆ ಇಷ್ಟು, ‘ಈ’ಗೆ ಇಷ್ಟು ಅಂತ ಆ ಕಂಪನಗಳನ್ನು ಲೆಕ್ಕ ಹಾಕಿ ದನಿ ಕಟ್ಟುವುದು ಅವರ ದಾರಿ. ಯಾರ ರೆಕಾರ್ಡಿಂಗ್ ಕೂಡ ಅದರೊಳಗೆ ಇಲ್ಲ, ಬರೀ ಅಂಕಿಗಳು. ಆ ಅಂಕಿಗಳನ್ನು ಅವರು ತಮ್ಮ ದನಿ, ಹೆಂಡತಿಯ ದನಿ, ಮಗಳ ದನಿ ನೋಡಿಕೊಂಡು ಹೊಂದಿಸಿದ್ದರು. 1984ರಲ್ಲಿ ಮಾರುಕಟ್ಟೆಗೆ ಬಂದ ಡೆಕ್‌ಟಾಕ್ ಎಂಬ ಪೆಟ್ಟಿಗೆಯಲ್ಲಿ ಅವು ಪರ್ಫೆಕ್ಟ್ ಪಾಲ್, ಬ್ಯೂಟಿಫುಲ್ ಬೆಟ್ಟಿ, ಕಿಟ್ ದ ಕಿಡ್ ಎಂಬ ಹೆಸರಿನಲ್ಲಿ ಇದ್ದವು. ಮಾತು ಕಳೆದುಕೊಂಡಿದ್ದ ವಿಜ್ಞಾನಿ ಸ್ಟೀಫನ್ ಹಾಕಿಂಗ್ ಅವರ ದನಿ ಅಂತ ಜಗತ್ತಿಗೆ ಗೊತ್ತಿರುವ ದನಿಯ ಮೂಲವೂ ಕ್ಲಾಟ್ ಅವರದ್ದೇ. ಕ್ಲಾಟ್‌ಗೆ ಕ್ಯಾನ್ಸರ್ ಬಂತು, ತಮ್ಮದೇ ದನಿ ಕೆಡುತ್ತಾ ಹೋಯಿತು, 1988ರಲ್ಲಿ ತೀರಿಕೊಂಡರು. ಆಮೇಲೆ ಎಷ್ಟೋ ಒಳ್ಳೆಯ ದನಿಗಳು ಬಂದರೂ ಹಾಕಿಂಗ್ ಅದನ್ನು ಬಿಡಲಿಲ್ಲ, ಅದೇ ನನ್ನ ದನಿ ಅಂದರು.

ಈ ಕಥೆ ಹೇಳುವಾಗ ಜನ ಬಿಟ್ಟುಬಿಡುವ ಒಂದು ಸಂಗತಿ ಇದೆ. ಡೆಕ್‌ಟಾಕ್‌ಗಿಂತ ಮೊದಲು ಎಂಐಟಿಯಲ್ಲೇ ಜಾನಥನ್ ಅಲೆನ್ ಮತ್ತು ಕ್ಲಾಟ್ ಮೊದಲಾದವರು ಸೇರಿ ಎಂಐಟಾಕ್ ಅಂತ ಮಾಡಿದ್ದರು. ಅದರಲ್ಲಿ ಇಂಗ್ಲಿಷ್ ಪದಗಳನ್ನು ಬಿಡಿಸಿ ಓದಲು ಸುಮಾರು 12,000 ಪದಭಾಗಗಳ ನಿಘಂಟು ಇತ್ತು. ಪ್ರತ್ಯಯ ಯಾವುದು, ಮೂಲ ಯಾವುದು, ಎಲ್ಲಿ ಒಡೆಯಬೇಕು ಅಂತ ಕೂತು ಬರೆದದ್ದು. ವರ್ಷಗಟ್ಟಲೆ ಕೆಲಸ. ಆ ನಿಘಂಟಿಗೆ ಯಾರೂ ಪರ್ಫೆಕ್ಟ್ ಪಾಲ್ ಅಂತ ಹೆಸರಿಡಲಿಲ್ಲ.

ನಾನು ಈ ಕ್ಷೇತ್ರಕ್ಕೆ ಬಂದಾಗ ಫಾರ್ಮೆಂಟ್ ಕಾಲ ಮುಗಿದಿತ್ತು. ಯೂನಿಟ್ ಸೆಲೆಕ್ಷನ್ ಜೋರಾಗಿತ್ತು. ಒಬ್ಬ ಕಲಾವಿದರನ್ನು ಸ್ಟುಡಿಯೋದಲ್ಲಿ ಕೂರಿಸಿ ಗಂಟೆಗಟ್ಟಲೆ ವಾಕ್ಯ ಓದಿಸುವುದು, ಅದನ್ನು ಚೂರು ಚೂರು ಮಾಡಿ ಇಟ್ಟುಕೊಳ್ಳುವುದು, ಹೊಸ ವಾಕ್ಯ ಬಂದಾಗ ಸರಿಹೊಂದುವ ಚೂರು ಹುಡುಕಿ ಅಂಟಿಸುವುದು. 1996ರಲ್ಲಿ ಹಂಟ್ ಮತ್ತು ಬ್ಲ್ಯಾಕ್ ಬರೆದ ಪ್ರಬಂಧದಲ್ಲಿ ಇದರ ಲೆಕ್ಕ ಸ್ಪಷ್ಟವಾಗಿ ಇತ್ತು: ಬೇಕಾದ ಶಬ್ದಕ್ಕೆ ಈ ಚೂರು ಎಷ್ಟು ಹತ್ತಿರ, ಪಕ್ಕದ ಚೂರಿಗೆ ಎಷ್ಟು ಚೆನ್ನಾಗಿ ಕೂಡುತ್ತದೆ. ಈ ಎರಡನ್ನೂ ತೂಗಿ ನೋಡಿ ಆರಿಸು. ಚೆನ್ನಾಗಿ ಕೂಡಿದರೆ ಮನುಷ್ಯರೇ ಮಾತಾಡಿದ ಹಾಗೆ. ಕೂಡದಿದ್ದರೆ ವಾಕ್ಯದ ನಡುವೆ ದನಿ ಎಡವುತ್ತಿತ್ತು.

‘ಯಾರ ದನಿ’ ಅನ್ನುವ ಪ್ರಶ್ನೆಗೆ ನಿಜವಾದ ಉತ್ತರ ಇದ್ದದ್ದು ಈ ಕಾಲದಲ್ಲೇ. ಸ್ಟುಡಿಯೋದಲ್ಲಿ ಓದಿಸುವ ವಾಕ್ಯಗಳನ್ನು ಅರ್ಥ ನೋಡಿ ಆರಿಸುವುದಿಲ್ಲ, ಉಚ್ಚಾರದ ಸದ್ದು ನೋಡಿ ಆರಿಸುತ್ತೇವೆ. ಭಾಷೆಯ ಪ್ರತಿ ಸದ್ದಿನ ಪಕ್ಕ ಪ್ರತಿ ಸದ್ದು ಒಮ್ಮೆಯಾದರೂ ಬರಬೇಕು. ಹಾಗಾಗಿ ತಲೆಬುಡ ಇಲ್ಲದ ವಾಕ್ಯಗಳೇ ಜಾಸ್ತಿ. ಅವನ್ನು ಒಂದೇ ಏರಿನಲ್ಲಿ, ಒಂದೇ ವೇಗದಲ್ಲಿ, ಬೆಳಗಿನ ದನಿಗೂ ಸಂಜೆಯ ದನಿಗೂ ವ್ಯತ್ಯಾಸ ಬಾರದ ಹಾಗೆ ದಿನಗಟ್ಟಲೆ ಓದುವುದು ಎಷ್ಟು ದಣಿವಿನ ಕೆಲಸ ಅಂತ ಗಾಜಿನ ಆಚೆ ಕೂತು ನೋಡಿದವರಿಗೆ ಗೊತ್ತು. ಅಮೆರಿಕದ ದನಿ ಕಲಾವಿದೆ ಸೂಸನ್ ಬೆನೆಟ್ 2005ರ ಜುಲೈನಲ್ಲಿ ಹೀಗೆ ಓದಿಕೊಟ್ಟರು. 2011ರಲ್ಲಿ ಐಫೋನಿನ ಸಿರಿ ಬಂದಾಗ ಅದರಲ್ಲಿರುವುದು ತಮ್ಮ ದನಿ ಅಂತ ಅವರಿಗೆ ಗೊತ್ತಾದದ್ದು ಬೇರೆಯವರು ಹೇಳಿದ ಮೇಲೆ. ಕಾನೂನು ಪ್ರಕಾರ ತಪ್ಪೇನೂ ಇರಲಿಲ್ಲವೇನೋ. ಆದರೂ ಒಂದು ಮಾತು ಹೇಳಬಹುದಿತ್ತು, ಅಲ್ವಾ? ಈಗಂತೂ ಮೂರು ಸೆಕೆಂಡಿನ ತುಣುಕು ಸಾಕು. 2023ರಲ್ಲಿ ಮೈಕ್ರೋಸಾಫ್ಟ್ ತೋರಿಸಿದ ವ್ಯಾಲ್-ಇ ಅಷ್ಟರಲ್ಲೇ ಹೊಸಬರ ದನಿಯನ್ನು ಅನುಕರಿಸುತ್ತಿತ್ತು. ನನ್ನ ನಿಲುವು ಇಷ್ಟೇ: ದನಿ ಕೊಟ್ಟವರಿಗೆ ಅದು ಎಲ್ಲೆಲ್ಲಿ ಮಾತಾಡಲಿದೆ ಅಂತ ಗೊತ್ತಿರಬೇಕು, ಬೇಡ ಅನ್ನುವ ಹಕ್ಕೂ ಇರಬೇಕು. ಅದಿಲ್ಲದ ಡೇಟಾ ಎಷ್ಟೇ ಚೆನ್ನಾಗಿದ್ದರೂ ನಾನು ಮುಟ್ಟುವುದಿಲ್ಲ.

ಆಮೇಲಿನದ್ದು ಬೇಗ ಹೇಳುತ್ತೇನೆ. ಚೂರು ಅಂಟಿಸುವುದು ಹೋಗಿ ಅಂಕಿ ಅಂಶದ ಮಾಡೆಲ್‌ಗಳು ಬಂದವು. ಅವು ಹೋಗಿ ಡೇಟಾ ನೋಡಿ ತಾನೇ ಕಲಿಯುವ ನ್ಯೂರಲ್ ನೆಟ್‌ವರ್ಕ್ ಬಂತು. 2016ರ ಸೆಪ್ಟೆಂಬರಿನಲ್ಲಿ ಗೂಗಲ್ ಬಳಗದ ಡೀಪ್‌ಮೈಂಡ್ ವೇವ್‌ನೆಟ್ ತೋರಿಸಿತು. ಒಂದು ಸೆಕೆಂಡಿನ ಮಾತಿಗೆ ದನಿಯ ಅಲೆಯ 16,000 ಬಿಂದುಗಳು, ಒಂದಾದ ಮೇಲೆ ಒಂದು ಊಹಿಸುತ್ತಾ ಹೋಗುವುದು. ಇದು ಯಾವತ್ತೂ ಬಳಕೆಗೆ ಬರಲ್ಲ, ಅಷ್ಟು ನಿಧಾನ ಅಂತ ನಮ್ಮಲ್ಲಿ ಹಲವರು ತಲೆ ಅಲ್ಲಾಡಿಸಿದರು. ಒಂದೇ ವರ್ಷದಲ್ಲಿ ಅದನ್ನು ಸಾವಿರ ಪಟ್ಟು ವೇಗ ಮಾಡಿ ಗೂಗಲ್ ಅಸಿಸ್ಟೆಂಟ್‌ಗೆ ಹಾಕಿದರು. 2017ರ ಕೊನೆಗೆ ಬಂದ ಗೂಗಲ್‌ನದೇ ಟ್ಯಾಕೋಟ್ರಾನ್ 2ಕ್ಕೆ ಕೇಳುಗರು ಐದಕ್ಕೆ 4.53 ಅಂಕ ಕೊಟ್ಟರು. ಸ್ಟುಡಿಯೋದಲ್ಲಿ ಮನುಷ್ಯರೇ ಓದಿದ್ದಕ್ಕೆ ಸಿಕ್ಕಿದ್ದು 4.58.

ಪ್ರತಿ ಸಲವೂ ಒಂದಿಷ್ಟು ಜನರ ವಿದ್ಯೆ ಕಸದ ಬುಟ್ಟಿಗೆ ಹೋಯಿತು. ಫಾರ್ಮೆಂಟ್ ಅಂಕಿಗಳನ್ನು ಬಾಯಿಪಾಠ ಹೇಳುತ್ತಿದ್ದ ಹಿರಿಯರನ್ನು ನೋಡಿದ್ದೇನೆ. ಎರಡು ಚೂರು ಕೂಡುವ ಜಾಗದಲ್ಲಿ ಟಕ್ ಅನ್ನುವ ಸದ್ದನ್ನು ಹೇಗೆ ಮುಚ್ಚಬೇಕು ಅನ್ನುವುದು ನನಗೆ ಇವತ್ತಿಗೂ ಚೆನ್ನಾಗಿ ಗೊತ್ತು, ಯಾರಿಗೂ ಬೇಡ. ಬೇಕಾಗಿ ಉಳಿದದ್ದು ಇನ್ನೊಂದು ಅರ್ಧ. ನಾವು ಅದಕ್ಕೆ ಫ್ರಂಟ್ ಎಂಡ್ ಅನ್ನುತ್ತೇವೆ. ಅಂದರೆ, ಓದು.

ಒಂದೊಂದು ಭಾಷೆ ಒಂದೊಂದನ್ನು ಬರೆಯದೆ ಬಿಡುತ್ತದೆ. ಇಂಗ್ಲಿಷಿನಲ್ಲಿ ಈಗ ಓದುವುದಕ್ಕೂ ಆಗಲೇ ಓದಿದ್ದಕ್ಕೂ ಸ್ಪೆಲಿಂಗ್ ಒಂದೇ, ಬಾಯಲ್ಲಿ ಮಾತ್ರ ರೀಡ್, ರೆಡ್. ಅರಬ್ಬಿಯಲ್ಲಿ ಹ್ರಸ್ವ ಸ್ವರಗಳನ್ನೇ ಬರೆಯುವುದಿಲ್ಲ. ಕ್, ತ್, ಬ್ ಅಂತ ಮೂರು ವ್ಯಂಜನ ಕಂಡರೆ ಅದು ಕತಬ ಆಗಬಹುದು, ಕುತಿಬ ಆಗಬಹುದು, ಕುತುಬ್ ಆಗಬಹುದು. ಬರೆದನು, ಬರೆಯಲಾಯಿತು, ಪುಸ್ತಕಗಳು. ಅಕ್ಕಪಕ್ಕದ ಪದ ನೋಡಿ ತಿಳಿದುಕೋ ಅಂತ ಆ ಲಿಪಿ ಹೇಳುತ್ತದೆ. ರಷ್ಯನ್‌ನಲ್ಲಿ ಒತ್ತು ಎಲ್ಲಿ ಬೀಳುತ್ತದೆ ಅಂತ ಗುರುತಿಲ್ಲ. ಒಂದೇ ಪದದ ಮೊದಲ ಭಾಗಕ್ಕೆ ಒತ್ತು ಬಿದ್ದರೆ ಕೋಟೆ, ಎರಡನೆಯದಕ್ಕೆ ಬಿದ್ದರೆ ಬೀಗ. ಥಾಯ್‌ನಲ್ಲಿ ಪದಗಳ ನಡುವೆ ಜಾಗವೇ ಬಿಡುವುದಿಲ್ಲ, ಎಲ್ಲಿ ಪದ ಮುಗಿಯಿತು ಅಂತ ಮೊದಲು ಕಂಡುಹಿಡಿದು ಆಮೇಲೆ ಓದಬೇಕು. ಚೀನೀ ಭಾಷೆಯಲ್ಲಿ ಒಂದೇ ಅಕ್ಷರ ನಡೆಯುವುದು ಅನ್ನುವಾಗ ಶಿಂಗ್, ಬ್ಯಾಂಕ್ ಅನ್ನುವ ಪದದೊಳಗೆ ಹಾಂಗ್. ಇವುಗಳ ಮುಂದೆ ಹೆಚ್ಚುಕಡಿಮೆ ಬರೆದಂತೆ ಓದುವ ಸ್ಪ್ಯಾನಿಷ್, ಫಿನ್ನಿಷ್ ಬಂದರೆ ಎಂಜಿನಿಯರ್‌ಗೆ ರಜೆ ಸಿಕ್ಕಷ್ಟು ಖುಷಿ.

ಕನ್ನಡವೂ ಹಾಗೇ, ಬರೆದಂತೆ ಓದುವ ಭಾಷೆ, ನಿಮಗೇನು ಕಷ್ಟ ಅಂತ ಸಹೋದ್ಯೋಗಿಗಳು ಹೇಳುತ್ತಿದ್ದರು. ಹೌದು, ಅನುಸ್ವಾರದಂಥ ಜಾಗದಲ್ಲಿ ಕನ್ನಡ ಬಹಳ ಶಿಸ್ತು. ಗಂಗೆ, ಪಂಚೆ, ಗಂಟೆ, ತಂದೆ, ಕಂಬ: ಸೊನ್ನೆ ಒಂದೇ, ಮೂಗಿನ ಶಬ್ದ ಐದು, ಮುಂದಿನ ಅಕ್ಷರ ನೋಡಿದರೆ ಯಾವುದು ಅಂತ ಗೊತ್ತಾಗುತ್ತದೆ. ಆದರೆ ‘ಬ್ರಹ್ಮ’ ಅಂತ ಬರೆದು ನಾವು ಹೇಳುವುದು ಬ್ರಮ್ಹ. ‘ಚಿಹ್ನೆ’ ಬಾಯಿಗೆ ಬಂದಾಗ ಚಿನ್ಹೆ. ‘ಫಲ’ದ ಫ ಬೇರೆ, ‘ಫೋನ್’ನ ಫ ಬೇರೆ. ‘ವಿದ್ಯಾರ್ಥಿ’ಯ ದ್ಯಾ ಓದಿದ ಹಾಗೆ ‘ಬ್ಯಾಂಕ್’ನ ಬ್ಯಾ ಓದಿದರೆ ಕೇಳುವವರು ನಗುತ್ತಾರೆ. ಅಂದರೆ ಓದುವ ಮೊದಲು ಈ ಪದ ಎಲ್ಲಿಂದ ಬಂತು ಅಂತ ಗೊತ್ತಿರಬೇಕು. ನಮಗೆ ಗೊತ್ತಿದೆ, ಗೊತ್ತಿದೆ ಅನ್ನುವುದೇ ಗೊತ್ತಿಲ್ಲ.

ಇನ್ನು ಅಂಕಿಗಳು. ಟಿಟಿಎಸ್ ಕೆಲಸ ಮಾಡಿದ ಯಾರನ್ನಾದರೂ ಕೇಳಿ, ನಿದ್ದೆ ಕೆಡಿಸಿದ್ದು ಯಾವುದು ಅಂತ. ಅಂಕಿ ಅನ್ನುತ್ತಾರೆ. ‘2 ಕುರ್ಚಿ’ ಅಂದರೆ ಎರಡು ಕುರ್ಚಿ. ‘2 ಮಕ್ಕಳು’ ಅಂದರೆ ಇಬ್ಬರು ಮಕ್ಕಳು. ಮುಂದಿನ ಪದ ಮನುಷ್ಯರದ್ದೋ ವಸ್ತುವಿನದ್ದೋ ಅಂತ ತಿಳಿಯದೆ ಆ ಎರಡನ್ನು ಓದುವ ಹಾಗೇ ಇಲ್ಲ. ‘10ಕ್ಕೆ’ ಅಂತ ಬರೆದರೆ ಹತ್ತಕ್ಕೆ ಅನ್ನಬೇಕು, ಹತ್ತು ಕ್ಕೆ ಅಂದರೆ ಕಿವಿಗೆ ಕಲ್ಲು. ‘2-3 ದಿನ’ ಅಂದರೆ ಎರಡು ಮೂರು ದಿನ, ಪುಟ 2-3 ಅಂದರೆ ಎರಡರಿಂದ ಮೂರು, ಆಟದ ಫಲಿತಾಂಶ ಅಂದರೆ ಇನ್ನೊಂದು ಥರ, ಎಲ್ಲದಕ್ಕೂ ಬರಹದಲ್ಲಿ ಇರುವುದು ಅದೇ ಒಂದು ಗೆರೆ. ಅರಬ್ಬಿಯಲ್ಲಿ ಮೂರರಿಂದ ಹತ್ತರವರೆಗಿನ ಸಂಖ್ಯೆಗೆ ಲಿಂಗ ಇದೆ, ಅದೂ ಎಣಿಸುವ ವಸ್ತುವಿನ ಲಿಂಗಕ್ಕೆ ಉಲ್ಟಾ. ಇದನ್ನು ಮೊದಲ ಸಲ ಕೇಳಿದಾಗ ನನಗೆ ಸುಮ್ನೆ ತಮಾಷೆ ಮಾಡುತ್ತಿದ್ದಾರೆ ಅನ್ನಿಸಿತ್ತು. ರಷ್ಯನ್, ಪೋಲಿಷ್‌ನಲ್ಲಿ ವಿಭಕ್ತಿಗೆ ತಕ್ಕಂತೆ ಸಂಖ್ಯೆಯ ರೂಪವೇ ಬದಲಾಗುತ್ತದೆ.

ಕನ್ನಡದಲ್ಲಿ ಇನ್ನೂ ಒಂದು ತಕರಾರು ಇದೆ. 1984 ಅನ್ನುವುದನ್ನು ಯಂತ್ರ ಸಾವಿರದ ಒಂಬೈನೂರ ಎಂಬತ್ತನಾಲ್ಕು ಅಂತ ಓದಿದರೆ ವ್ಯಾಕರಣ ಮೆಚ್ಚುತ್ತದೆ. ಆದರೆ ಕನ್ನಡ ವಾಕ್ಯದ ನಡುವೆಯೂ ಇಸವಿಯನ್ನು ಇಂಗ್ಲಿಷಿನಲ್ಲಿ ಹೇಳುವವರೇ ಜಾಸ್ತಿ. ಫೋನ್ ನಂಬರ್ ಅಂತೂ ಕೇಳಲೇಬೇಡಿ. ಯಂತ್ರ ಯಾವುದನ್ನು ಹೇಳಬೇಕು? ಜನ ಹೇಳುವುದನ್ನೋ, ಹೇಳಬೇಕಾದದ್ದನ್ನೋ? ಇದಕ್ಕೆ ಮೀಟಿಂಗ್‌ಗಳಲ್ಲಿ ಜಗಳವೇ ಆಗಿದೆ. ನಂಬರ್‌ಗೆ ಇಂಗ್ಲಿಷ್ ಇರಲಿ, ಇಸವಿ ಮತ್ತು ಎಣಿಕೆಗೆ ಕನ್ನಡ ಇರಲಿ, ಬೇಕಾದವರು ಬದಲಾಯಿಸಿಕೊಳ್ಳಲಿ ಅನ್ನುವುದು ನನ್ನ ವಾದ. ಎಲ್ಲರೂ ಒಪ್ಪಿಲ್ಲ.

ಗೊತ್ತಿಲ್ಲದ ಭಾಷೆಯ ಕೆಲಸ ಹೇಗೆ ಮಾಡುತ್ತೀರಿ ಅನ್ನುವವರಿಗೆ: ಕೇಳುತ್ತಾ ಕೇಳುತ್ತಾ. ಆ ಭಾಷೆಯ ಭಾಷಾ ತಜ್ಞರು ಪಕ್ಕದಲ್ಲಿರುತ್ತಾರೆ, ಉಚ್ಚಾರದ ನಿಘಂಟು ಇರುತ್ತದೆ, ಪರದೆಯ ಮೇಲೆ ಸ್ಪೆಕ್ಟ್ರೋಗ್ರಾಮ್, ಅಂದರೆ ದನಿಯ ಕಂಪನಗಳ ಚಿತ್ರ ಇರುತ್ತದೆ. ಕೆಲವು ತಿಂಗಳಾದ ಮೇಲೆ ಒಂದು ವಿಚಿತ್ರ ಸ್ಥಿತಿ ಬರುತ್ತದೆ. ವಾಕ್ಯದ ಅರ್ಥ ಒಂದಿಷ್ಟೂ ತಿಳಿಯುವುದಿಲ್ಲ, ಆದರೆ ಎಲ್ಲೋ ತಪ್ಪಿದೆ ಅಂತ ಕಿವಿ ಹೇಳುತ್ತದೆ. ನಿಜವಾದ ಕಷ್ಟ ಯಂತ್ರದ್ದಲ್ಲ, ಆ ಭಾಷೆಯವರದ್ದೇ. ಹತ್ತು ಜನರನ್ನು ಕೂರಿಸಿ ಒಂದು ಪದ ಕೇಳಿಸಿದರೆ ಐದು ಜನ ಸರಿ ಅನ್ನುತ್ತಾರೆ, ಐದು ಜನ ಯಾವ ಕಾಲಕ್ಕೂ ಹಾಗೆ ಹೇಳುವುದಿಲ್ಲ ಅನ್ನುತ್ತಾರೆ. ಆಗ ಯಾರದ್ದೋ ಒಂದು ಕಡೆಯ ಮಾತನ್ನು ಶುದ್ಧ ಅಂತ ಆರಿಸಬೇಕಾಗುತ್ತದೆ. ಹಾಗೆ ಆರಿಸಿದ್ದು ಕೋಟಿ ಜನರ ಫೋನಿನಲ್ಲಿ ಕೂತು ಮಾತಾಡುತ್ತದೆ. ಇಷ್ಟು ದೊಡ್ಡ ತೀರ್ಮಾನ ಬಹುತೇಕ ಸಲ ಆಗುವುದು ಒಂದು ಸ್ಪ್ರೆಡ್‌ಶೀಟ್‌ನ ಕಾಲಂನಲ್ಲಿ, ಡೆಡ್‌ಲೈನ್ ಹತ್ತಿರ ಬಂದಾಗ.

ನಿಯಮ ಬರೆಯುವವರ ತಲೆಯಲ್ಲೂ ಇಂಗ್ಲಿಷೇ ಇರುತ್ತದೆ. ಯಂತ್ರಕ್ಕೆ ಇಲ್ಲಿ ನಿಲ್ಲು, ಇದನ್ನು ಒತ್ತಿ ಹೇಳು ಅಂತ ಸೂಚನೆ ಕೊಡಲು ಎಸ್‌ಎಸ್‌ಎಂಎಲ್ ಅಂತ ಒಂದು ಗುರುತಿನ ಭಾಷೆ ಇದೆ. ವೆಬ್‌ನ ನಿಯಮಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆ 2004ರಲ್ಲಿ ಅದರ ಮೊದಲ ಆವೃತ್ತಿ ತಂದಾಗ ಪದ ಯಾವುದು ಅಂತ ಹೇಳುವ ಗುರುತೇ ಅದರಲ್ಲಿರಲಿಲ್ಲ. ಪದಗಳ ನಡುವೆ ಜಾಗ ಇದ್ದೇ ಇರುತ್ತದಲ್ಲ ಅಂತ. ಆಮೇಲೆ ಬೇರೆ ಭಾಷೆಗಳವರ ಮಾತು ಕೇಳಲು 2005ರಲ್ಲಿ ಬೀಜಿಂಗ್, 2006ರಲ್ಲಿ ಗ್ರೀಸಿನ ಕ್ರೀಟ್, 2007ರಲ್ಲಿ ಹೈದರಾಬಾದಿನಲ್ಲಿ ಕಾರ್ಯಾಗಾರ ನಡೆದವು. 2010ರ ಆವೃತ್ತಿಯಲ್ಲಿ ಪದಕ್ಕೊಂದು ಗುರುತು ಬಂತು.

ಕೇಳುಗರು ಕೊಡುವ ಅಂಕದ ಬಗ್ಗೆಯೂ ನನಗೆ ಗೊಣಗಾಟ ಇದೆ. 4.53 ಅಂತ ಬರುತ್ತದಲ್ಲ, ಅದು ಹೆಡ್‌ಫೋನ್ ಹಾಕಿಕೊಂಡು ಒಂದೊಂದೇ ವಾಕ್ಯ ಕೇಳಿ, ಎಷ್ಟು ಸಹಜ ಅಂತ ಕೊಟ್ಟ ಅಂಕ. ದಿನವಿಡೀ ಇದರಲ್ಲೇ ಬದುಕುವವರನ್ನು ಕೇಳಿ ನೋಡಿ. ಜಾನಥನ್ ಡಡಿಂಗ್ಟನ್ ಎಂಬವರು 1995ರಲ್ಲಿ ಏಕಾರ್ನ್ ಕಂಪ್ಯೂಟರ್‌ಗೆ ಅಂತ ಶುರು ಮಾಡಿದ ಪುಟ್ಟ ಪ್ರೋಗ್ರಾಂ ಮುಂದೆ ಈಸ್ಪೀಕ್ ಆಯಿತು. ಅದು ಫಾರ್ಮೆಂಟ್ ಕುಲದ್ದು, ದನಿ ತಗಡು ಬಡಿದ ಹಾಗೆ. ಇವತ್ತು ಅದರ ಮುಂದುವರಿದ ರೂಪ ಕನ್ನಡವೂ ಸೇರಿ ನೂರಕ್ಕೂ ಹೆಚ್ಚು ಭಾಷೆ ಓದುತ್ತದೆ. ದೃಷ್ಟಿ ಇಲ್ಲದವರು ಬಳಸುವ ಎನ್‌ವಿಡಿಎ ಎಂಬ ಉಚಿತ ಸ್ಕ್ರೀನ್ ರೀಡರ್, ಅಂದರೆ ಪರದೆಯ ಮೇಲಿನದನ್ನು ಓದಿ ಹೇಳುವ ಪ್ರೋಗ್ರಾಂ, ಅದರ ಜೊತೆಗೇ ಬರುತ್ತದೆ. ನಾವು ಹೊಸ ಸಿಹಿ ದನಿ ಮಾಡಿಕೊಂಡು ಹೋಗಿ ತೋರಿಸಿದರೆ, ಚೆನ್ನಾಗಿದೆ, ಆದರೆ ನನಗೆ ಈಸ್ಪೀಕ್ ಇರಲಿ ಅಂದವರು ಹಲವರು. ಅವರು ಕೇಳುವ ವೇಗಕ್ಕೆ ನನ್ನ ಕಿವಿಗೆ ಬರೀ ಸದ್ದು ಕೇಳಿಸುತ್ತದೆ. ಅಷ್ಟು ವೇಗದಲ್ಲಿ ಸಹಜ ದನಿ ಕಲಸಿಹೋಗುತ್ತದೆ, ತಗಡಿನ ದನಿಯಲ್ಲಿ ಪ್ರತಿ ಅಕ್ಷರವೂ ಬಿಡಿಬಿಡಿಯಾಗಿ ನಿಲ್ಲುತ್ತದೆ. ಕೀ ಒತ್ತಿದ ತಕ್ಷಣ ಉತ್ತರವೂ ಬರುತ್ತದೆ. ಅವರಿಗೆ ಬೇಕಾದದ್ದು ಓದು. ನಾವು ಹತ್ತಾರು ವರ್ಷ ದನಿಗೆ ಅಂಕ ಕೊಟ್ಟುಕೊಂಡು ಕೂತಿದ್ದೆವು.

ಈಗ ಎಲ್ಲವನ್ನೂ ಮಾಡೆಲ್ ತಾನೇ ಕಲಿಯುತ್ತದೆ, ಫ್ರಂಟ್ ಎಂಡ್ ಬೇಡ ಅನ್ನುವ ಮಾತು ಇದೆ. ಪೂರ್ತಿ ಸುಳ್ಳಲ್ಲ. ನಾನು ವಾರಗಟ್ಟಲೆ ಕೂತು ಬರೆಯುತ್ತಿದ್ದ ಕೆಲವು ನಿಯಮಗಳನ್ನು ಅದು ಡೇಟಾ ನೋಡಿಯೇ ಕಲಿಯುತ್ತದೆ. 2023ರಲ್ಲಿ ಮೆಟಾ ಒಂದೇ ಯೋಜನೆಯಲ್ಲಿ 1,107 ಭಾಷೆಗಳಿಗೆ ಟಿಟಿಎಸ್ ಮಾಡೆಲ್ ಬಿಟ್ಟಿತು. ಒಂದು ಭಾಷೆಗೆ ಒಂದು ತಂಡ ವರ್ಷಗಟ್ಟಲೆ ಕೂರುತ್ತಿದ್ದ ಕಾಲ ನೋಡಿದ ನನಗೆ ಅದು ಬೆರಗೇ. ಆ ಡೇಟಾದ ಮುಖ್ಯ ಮೂಲ ಬೈಬಲ್ಲಿನ ಹೊಸ ಒಡಂಬಡಿಕೆಯನ್ನು ಆಯಾ ಭಾಷೆಯಲ್ಲಿ ಓದಿದ ರೆಕಾರ್ಡಿಂಗ್. ಬೇರೆ ಏನೂ ಸಿಗದ ಭಾಷೆಗಳಿಗೆ ಅದು ದೊಡ್ಡ ಭಂಡಾರವೇ, ಒಪ್ಪುತ್ತೇನೆ. ಆದರೆ ಅದರಲ್ಲಿ ಒಟಿಪಿ ಇರುವುದಿಲ್ಲ, ಇಮೇಲ್ ವಿಳಾಸ ಇರುವುದಿಲ್ಲ, ಶೇಕಡಾ ಇಷ್ಟು ರಿಯಾಯಿತಿ ಇರುವುದಿಲ್ಲ. ಫೋನಿನಲ್ಲಿ ಜನ ಓದಿಸುವುದು ಇವನ್ನೇ.

ಹಳೆಯ ಯಂತ್ರ ತಪ್ಪಿದರೆ ತಪ್ಪಿದ್ದು ಗೊತ್ತಾಗುತ್ತಿತ್ತು. ದನಿಯೇ ಎಡವುತ್ತಿತ್ತು. ಹೊಸ ಮಾಡೆಲ್ ಒಂದು ಪದವನ್ನು ನುಂಗಿ, ಇನ್ನೊಂದನ್ನು ಎರಡು ಸಲ ಹೇಳಿ, ಅಂಕಿಯೊಂದನ್ನು ಬದಲಾಯಿಸಿ, ಎಲ್ಲವನ್ನೂ ಅದೇ ಸಿಹಿ ದನಿಯಲ್ಲಿ ಪೂರ್ತಿ ಭರವಸೆಯಿಂದ ಒಪ್ಪಿಸುತ್ತದೆ. ಔಷಧಿಯ ಪ್ರಮಾಣ ಓದುವಾಗ ಹೀಗಾದರೆ? ದನಿ ಚೆನ್ನಾಗಿದ್ದಷ್ಟೂ ಜನ ನಂಬುತ್ತಾರೆ, ಹಾಗಾಗಿ ಓದನ್ನು ಪರೀಕ್ಷಿಸುವ ಕೆಲಸ ಈಗ ಮೊದಲಿಗಿಂತ ಜಾಸ್ತಿ ಆಗಿದೆ. ಹೊಸದಾಗಿ ಸೇರುವ ಹುಡುಗ ಹುಡುಗಿಯರು ಮಾಡೆಲ್ ತರಬೇತಿಗೆ ಕೈ ಹಾಕುವ ಆತುರದಲ್ಲಿರುತ್ತಾರೆ. ನಾನು ಮೊದಲು ಅವರ ಕೈಗೆ ಕೊಡುವುದು ವಾಕ್ಯಗಳ ಒಂದು ಫೈಲ್. ವರ್ಷಗಳಿಂದ ಕೂಡಿಟ್ಟದ್ದು, ಬ್ಯಾಂಕಿನ ಮೆಸೇಜು, ಪರೀಕ್ಷೆಯ ವೇಳಾಪಟ್ಟಿ, ಕ್ರಿಕೆಟ್ ಸ್ಕೋರು, ಅರ್ಧ ಇಂಗ್ಲಿಷ್ ಅರ್ಧ ಕನ್ನಡದ ಚಾಟು. ಇದನ್ನು ನಿಮ್ಮ ಮನೆಯವರಿಂದ ಓದಿಸಿ, ಅವರು ಹೇಗೆ ಓದಿದರು ಅಂತ ಬರೆದು ತನ್ನಿ ಅನ್ನುತ್ತೇನೆ. ಬೇಜಾರು ಮಾಡಿಕೊಂಡೇ ಹೋಗುತ್ತಾರೆ. ಬರುವಾಗ ಅವರ ಬಳಿ ನನಗೂ ಹೊಳೆಯದ ಪ್ರಶ್ನೆಗಳಿರುತ್ತವೆ.

ಮೊನ್ನೆ ಇತ್ತೀಚಿನ ಮಾಡೆಲ್‌ಗೆ ಅದೇ ಫೈಲ್ ಕೊಟ್ಟೆವು. ‘2 ಮಕ್ಕಳು’ ಬಂದಾಗ ಇಬ್ಬರು ಮಕ್ಕಳು ಅಂತಲೇ ಓದಿತು. ಯಾರೂ ನಿಯಮ ಬರೆದಿರಲಿಲ್ಲ, ತಾನಾಗಿ ಕಲಿತಿತ್ತು. ಮುಂದಿನ ಸಾಲಿಗೆ ‘2 ನಾಯಿಗಳು’ ಬಂತು. ಇಬ್ಬರು ನಾಯಿಗಳು ಅಂದಿತು, ಅಷ್ಟೇ ಪ್ರೀತಿಯಿಂದ. ಕೇಳುಗರ ಪಟ್ಟಿ ತೆಗೆದು ನೋಡಿದರೆ ಒಬ್ಬರು ಆ ವಾಕ್ಯಕ್ಕೆ ಐದಕ್ಕೆ ಐದು ಕೊಟ್ಟಿದ್ದರು. ನಾಯಿ ಸಾಕಿದವರಿರಬೇಕು.